ಕವುಚಿಟ್ಟ ಡಬ್ಬಿ

ಡೊಂಬಿವಲಿಯ ಆ ಮನೆಗೆ ಎರಡು ಬಾಗಿಲು. ಮುಂದಿನ ಬಾಗಿಲಿನಿಂದ ಮಾವ ಹೋಗಿಬರುತ್ತಿದ್ದರು, ಹಿಂದಿನ ಬಾಗಿಲಿನಿಂದ ಅತ್ತೆ. ಆ ಎರಡು ಬಾಗಿಲುಗಳ ನಡುವೆ ಒಂದು ಹಾಲ್, ಒಂದು ಅಡಿಗೆಮನೆ, ಅವೆರಡನ್ನು ಬೇರೆ ಮಾಡುವ ಒಂದು ಹೊಸ್ತಿಲು. ಆ ಹೊಸ್ತಿಲ ಮೇಲೆ ನಾನು. ಬಾಲ್ಯದ ಮನೆ ಎಂದಾಗ ಉಡುಪಿ ಕಡೆಯ ತಾಯಿಮನೆ ನನ್ನ ಕಣ್ಣಿಗೆ ಬರುವುದಿಲ್ಲ, ಆ ಹೊಸ್ತಿಲು ಬರುತ್ತದೆ. ಕರಿಯ ಕಡಪಾ ಕಲ್ಲು. ಬೇಸಿಗೆಯಲ್ಲಿ ಇಡೀ ಮನೆಯಲ್ಲಿ ತಣ್ಣಗಿರುತ್ತಿದ್ದುದು ಅದೊಂದೇ.

ಮಾವ ನನ್ನ ತಾಯಿಯ ಅಣ್ಣ. ಸ್ಟೇಷನ್ನಿನ ಹತ್ತಿರ ಅವರದೊಂದು ಇಡ್ಲಿ ವಡೆ ಚಹದ ಹೋಟೆಲು. ಅವರಿಗೆ ಮಕ್ಕಳಿರಲಿಲ್ಲ, ನನ್ನ ತಾಯಿಗೆ ಬೇಕಾದ್ದಕ್ಕಿಂತ ಹೆಚ್ಚಿದ್ದೆವು. ಹಾಗಾಗಿ ಒಂದು ದಿನ ನನ್ನನ್ನು ಮುಂಬೈ ಬಸ್ಸಿಗೆ ಹತ್ತಿಸಿದರು. ಮಾವನ ಮನೆಯಲ್ಲಿ ಹೊಟ್ಟೆ ತುಂಬ ಊಟ ಉಂಟು ಎಂದು ತಾಯಿ ಹೇಳಿದ್ದಳು. ಸುಳ್ಳು ಹೇಳಿರಲಿಲ್ಲ. ಅಲ್ಲಿ ಊಟಕ್ಕೆ ಯಾವತ್ತೂ ಕಡಿಮೆಯಾಗಲಿಲ್ಲ. ಮಾತು ಮಾತ್ರ ಇರಲಿಲ್ಲ. ಮಾವ ಮತ್ತು ಅತ್ತೆ ಒಬ್ಬರಿಗೊಬ್ಬರು ಮಾತು ಬಿಟ್ಟು ವರ್ಷಗಳಾಗಿದ್ದವು. ಯಾಕೆ ಎಂದು ನನಗೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಮೇಲಿನ ಮಾಳಿಗೆಯ ಬಸಮ್ಮನವರು ಒಂದು ಕಾರಣ ಹೇಳುತ್ತಿದ್ದರು, ಹೋಟೆಲಿನ ಭಟ್ಟರು ಇನ್ನೊಂದು. ಎರಡನ್ನೂ ನಾನು ನಂಬಲಿಲ್ಲ. ಇಬ್ಬರೂ ಒಂದೇ ಸೂರಿನ ಕೆಳಗಿದ್ದರು, ಒಂದೇ ಪಾತ್ರೆಯ ಅನ್ನ ಉಣ್ಣುತ್ತಿದ್ದರು, ಮಾತು ಬೇಕಾದಾಗ ನನ್ನ ಬಾಯಿಯನ್ನು ಉಪಯೋಗಿಸುತ್ತಿದ್ದರು. ಮಾವ ಹಾಲಿನಲ್ಲಿ ಕುರ್ಚಿಯ ಮೇಲೆ, ಅತ್ತೆ ಒಳಗೆ ಸ್ಟವ್ ಎದುರು. ನಡುವೆ ನಾಲ್ಕು ಮಾರು ದೂರವೂ ಇಲ್ಲ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಚೆನ್ನಾಗಿ ಕೇಳುತ್ತಿತ್ತು. ಆದರೂ ನಾನು ದಾಟಿಸಬೇಕು.

"ಸುಧಾಕರ, ನಿನ್ನ ಅತ್ತೆಗೆ ಹೇಳು, ರಾತ್ರಿ ನನಗೆ ಊಟ ಬೇಡ ಅಂತ."

"ಅತ್ತೆ, ಮಾವನಿಗೆ ರಾತ್ರಿ ಊಟ ಬೇಡವಂತೆ."

"ಅವರಿಗೆ ಅಂತ ಮಾಡಿದವಳು ಯಾರು ಅಂತ ಕೇಳು."

"ನಿಮಗೆ ಅಂತ ಮಾಡಿದವರು ಯಾರು ಅಂತ ಕೇಳ್ತಿದ್ದಾರೆ ಮಾವ."

ಮಾವ ಪೇಪರಿನ ಪುಟ ತಿರುವುತ್ತಿದ್ದರು. ಅದೇ ಉತ್ತರ. ಅದನ್ನು ಅತ್ತೆಗೆ ದಾಟಿಸಬೇಕಾಗುತ್ತಿರಲಿಲ್ಲ.

ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಆ ಮಾತುಗಳು ಇನ್ನೂ ಗಿಡ್ಡ, ಇನ್ನೂ ಖಾರ. ಆ ಕೆಲಸದಲ್ಲಿ ನಾನು ಬೇಗ ಪಳಗಿದೆ. ಒಂದು ಶಬ್ದ ಸೇರಿಸುತ್ತಿರಲಿಲ್ಲ, ಒಂದು ಶಬ್ದ ಬಿಡುತ್ತಿರಲಿಲ್ಲ. ಕೊಟ್ಟದ್ದನ್ನು ಚೆಲ್ಲದೆ ತಲುಪಿಸುವ ಅಭ್ಯಾಸ ನನಗೆ ಅಲ್ಲಿಂದಲೇ ಬಂದದ್ದು. ಮುಂದೆ ಬೇಲಾಪುರದ ಆಫೀಸುಗಳಿಗೆ ಕ್ಯಾಂಟೀನ್ ನಡೆಸುವಾಗ ಅದೇ ನನ್ನ ಅನ್ನವಾಯಿತು. ಆದರೆ ಆ ಮನೆಯಲ್ಲಿ ನನ್ನದೇ ಎನ್ನುವ ಮಾತು ಇರಲಿಲ್ಲ. ಹಸಿವೆಯೋ ಜ್ವರವೋ ಅತ್ತೆ ಮುಖ ನೋಡಿಯೇ ತಿಳಿಯುತ್ತಿದ್ದರು. ನಾನು ಬಾಯಿ ತೆರೆದರೆ ಬರುತ್ತಿದ್ದುದು ಅವರ ಮಾತು, ಇಲ್ಲವೆ ಇವರ ಮಾತು.

ಹಿಂದಿನ ಬಾಗಿಲು ದಾಟಿದರೆ ಸಣ್ಣ ಅಂಗಳ, ಅಂಗಳದ ಮೂಲೆಯಲ್ಲಿ ಸಿಮೆಂಟಿನ ಟಾಂಕಿ. ನನ್ನ ಸೊಂಟದಷ್ಟು ಎತ್ತರ, ಮಂಚದಷ್ಟು ಉದ್ದ. ನಳ್ಳಿ ನೀರು ದಿನ ಬಿಟ್ಟು ದಿನ ಬರುವ ಕಾಲದಲ್ಲಿ ಕಟ್ಟಿಸಿದ್ದು, ಆಮೇಲೆ ಸುಮ್ಮನೆ ನೀರು ನಿಂತು ಸೊಳ್ಳೆ ಸಾಕುತ್ತಿತ್ತು. ಒಂದು ಸಂಜೆ ಮಾವ ಠಾಣೆ ಪೇಟೆಯಿಂದ ಲೋಕಲ್ ರೈಲಿನಲ್ಲಿ ಬರುವಾಗ ಬೆರಳಿಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಬಂದರು. ಚೀಲದಲ್ಲಿ ನೀರು, ನೀರಿನಲ್ಲಿ ಕೆಂಪು ಮೀನುಗಳು. ಆ ರಶ್ಶಿನಲ್ಲಿ ಅದನ್ನು ಒಡೆಯದೆ ಹೇಗೆ ತಂದರೋ. ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು, ಚೀಲಕ್ಕೆ ಏನೂ ಆಗಿರಲಿಲ್ಲ.

"ಅತ್ತೆಗೆ ಹೇಳು, ಸೊಳ್ಳೆಮರಿ ತಿನ್ನಲಿಕ್ಕೆ ತಂದದ್ದು. ಊಟಗೀಟ ಹಾಕುವುದು ಬೇಡ."

ಅತ್ತೆ ಬಾಗಿಲಿಗೆ ಬಂದು ಚೀಲ ನೋಡಿದರು. ನೋಡುತ್ತಲೇ ನಿಂತರು.

"ಸೊಳ್ಳೆ ತಿನ್ನಲಿಕ್ಕೆ ಕೆಂಪು ಮೀನೇ ಬೇಕಿತ್ತಾ ಅಂತ ಕೇಳು."

ಕೇಳಿದೆ. ಮಾವ ಕಾಲು ತೊಳೆಯಲು ಬಚ್ಚಲಿಗೆ ಹೋದರು.

ಅಂದಿನಿಂದ ಆ ಮನೆಗೆ ಒಂದು ಮೂರನೆಯ ಜಾಗ ಸಿಕ್ಕಿತು. ಬೆಳಿಗ್ಗೆ ಹೋಟೆಲಿಗೆ ಹೊರಡುವ ಮುಂಚೆ ಮಾವ ಟಾಂಕಿಯ ಹತ್ತಿರ ನಿಂತು ಒಂದು ಬೀಡಿ ಸೇದುತ್ತಿದ್ದರು. ಮುಂದಿನ ಬಾಗಿಲಿನ ಮನುಷ್ಯ ಹಿಂದಿನ ಅಂಗಳಕ್ಕೆ ಬಂದದ್ದೇ ಅದಕ್ಕಾಗಿ. ಮಧ್ಯಾಹ್ನ ಪಾತ್ರೆ ತಿಕ್ಕಿ ಮುಗಿದ ಮೇಲೆ ಅತ್ತೆ ಟಾಂಕಿಯ ಕಟ್ಟೆಗೆ ಒರಗಿ ನಿಲ್ಲುತ್ತಿದ್ದರು. ಶಾಲೆಯಿಂದ ಬಂದ ಮೇಲೆ ನಾನು. ನೆರಳು ಬಿದ್ದೊಡನೆ ಮೀನುಗಳು ನನ್ನ ಕಡೆಗೆ ಬರುತ್ತಿದ್ದವು. ಆ ಊರಿನಲ್ಲಿ ನನ್ನನ್ನು ನೋಡಿ ಹತ್ತಿರ ಬರುವ ಜೀವ ಅವು ಮಾತ್ರ. ಮೇಲಿನ ಗ್ಯಾಲರಿಯಿಂದ ಬಸಮ್ಮನವರು ಬಗ್ಗಿ ನೋಡುತ್ತಿದ್ದರು. ಅವರು ಧಾರವಾಡ ಕಡೆಯವರು, ಮೀನು ಮುಟ್ಟದವರು, ನಾವು ಮೀನಿಲ್ಲದೆ ಉಣ್ಣದವರು.

"ಏನ್ರೀ ಅಕ್ಕಾರ, ಭಾಳ ಜ್ವಾಪಾನ ಮಾಡಾಕತ್ತೀರಿ. ಯಾವಾಗ ಹುರಿಯೋರು ಇವನ್ನ?"

"ನೀವು ಊಟಕ್ಕೆ ಬರುವ ದಿವಸ ಹುರಿಯುವ ಅಂತ ಇದ್ದೇನೆ ಬಸಮ್ಮ."

ಅತ್ತೆ ನಗುತ್ತಿದ್ದುದು ಅಷ್ಟು ಹೊತ್ತು ಮಾತ್ರ.

ಆ ವರ್ಷದ ಬೇಸಿಗೆಗೆ ಮುಂಚೆ ಕಟ್ಟಡದ ಮಾಲೀಕ ಅಂಗಳದ ಬಾದಾಮಿ ಮರದ ಕೊಂಬೆಗಳನ್ನು ಕಡಿಸಿದ. ಟಾಂಕಿಯ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ನೇರ ಬಿಸಿಲು. ಮೇ ತಿಂಗಳ ಡೊಂಬಿವಲಿಯಲ್ಲಿ ಸಮುದ್ರದ ಗಾಳಿಯೂ ಇಲ್ಲ, ಘಟ್ಟದ ಗಾಳಿಯೂ ಇಲ್ಲ. ಮಧ್ಯಾಹ್ನ ಕೈ ಅದ್ದಿದರೆ ಟಾಂಕಿಯ ನೀರು ಸ್ನಾನಕ್ಕೆ ಕಾಯಿಸಿಟ್ಟಂತೆ ಇರುತ್ತಿತ್ತು. ಮೀನುಗಳು ಮೇಲೆ ಬಂದು ನೀರಿನ ಅಂಚಿಗೆ ಬಾಯಿ ಹಚ್ಚಿ ಪಚಪಚ ಎನ್ನತೊಡಗಿದವು. ಬೆಳಿಗ್ಗೆಯಂತೂ ಎಲ್ಲವೂ ಸಾಲಾಗಿ ಬಾಯಿ ತೆರೆದು ನಿಂತಿರುತ್ತಿದ್ದವು.

"ಹಸಿದಾವ ನೋಡ್ರಿ," ಎಂದು ಬಸಮ್ಮನವರು ಮೇಲಿನಿಂದ ಹೇಳಿದರು. "ಹೆಂಗ ಬಾಯಿ ಬಿಡಾಕತ್ತಾವ, ಪಾಪ."

ಹೋಟೆಲಿನವರ ಮನೆ ನಮ್ಮದು. ತೆರೆದ ಬಾಯಿ ಕಂಡರೆ ನಮಗೆ ತೋಚುವುದು ಒಂದೇ. ಆದರೆ ಊಟಗೀಟ ಬೇಡ ಎಂದು ಮಾವ ಮೊದಲೇ ಹೇಳಿಬಿಟ್ಟಿದ್ದರಲ್ಲ. ಹಾಕುತ್ತೇನೆ ಎಂದು ಯಾರೂ ಹೇಳಲಿಲ್ಲ. ಒಂದು ಬೆಳಿಗ್ಗೆ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. ಎರಡು ದಿನ ಬಿಟ್ಟು ಮತ್ತೊಂದು. ಅತ್ತೆ ನಳ್ಳಿ ಬಂದೊಡನೆ ಬಿಂದಿಗೆ ಬಿಂದಿಗೆ ಹೊಸ ನೀರು ಸುರಿದರು. ಬೇಸಿಗೆಯ ನಳ್ಳಿ ನೀರಿಗೆ ಬ್ಲೀಚಿಂಗ್ ಪೌಡರಿನ ಘಾಟು. ಮೀನುಗಳು ಕಣ್ಣು ಕಾಣದವರಂತೆ ಗೋಡೆಗೆ ಹೊಡೆದುಕೊಂಡವು. ಮರುದಿನ ಮಧ್ಯಾಹ್ನ, ಹೋಟೆಲಿನ ರಶ್ಶು ಬಿಟ್ಟು, ಮಾವ ಮನೆಗೆ ಬಂದರು. ಹಾಗೆ ಅವರು ಎಂದೂ ಬಂದದ್ದಿಲ್ಲ. ಸೈಕಲಿನ ಹಿಂದೆ ಗೋಣಿಯಲ್ಲಿ ಸುತ್ತಿದ ಮಂಜುಗಡ್ಡೆಯ ದೊಡ್ಡ ತುಂಡು. ಬಿಸಿಯಾದದ್ದಕ್ಕೆಲ್ಲ ಹೋಟೆಲಿನವನ ಮದ್ದು ಐಸು. ಅದನ್ನು ಹಾಗೇ ಟಾಂಕಿಗೆ ಇಳಿಸಿದರು. ಕಾದ ನೀರಿನಲ್ಲಿದ್ದ ಮೀನಿಗೆ ಒಮ್ಮೆಲೇ ಆ ಚಳಿ. ಎರಡು ಮೀನು ನಮ್ಮ ಕಣ್ಣೆದುರೇ ವಾಲಿ ಮಲಗಿದವು, ಮತ್ತೆ ಏಳಲಿಲ್ಲ. ಮಾವ ಒದ್ದೆ ಗೋಣಿಯನ್ನು ಕೈಯಲ್ಲಿ ಹಿಡಿದು ಬಿಸಿಲಿನಲ್ಲಿ ನಿಂತಿದ್ದರು. ಅತ್ತೆ ಬಾಗಿಲಲ್ಲಿ.

"ಅತ್ತೆಗೆ ಹೇಳು," ಎಂದರು ಮಾವ. ಗೋಣಿಯನ್ನು ಕಟ್ಟೆಯ ಮೇಲೆ ಹಾಕಿದರು. "ಇನ್ನೊಂದು ಸತ್ತರೆ ಮಣ್ಣು ತುಂಬಿಸಿ ಮುಚ್ಚಿಬಿಡುವುದು. ನೋಡಲಿಕ್ಕಾಗುವುದಿಲ್ಲ ನನಗೆ."

"ಮುಚ್ಚಲಿ. ಮುಚ್ಚಿದ ಮೇಲೆ ಅವರು ಬೀಡಿ ಎಲ್ಲಿ ಸೇದುತ್ತಾರೆ ಕೇಳು."

ಕೇಳಿದೆ. ಮಾವ ಸೈಕಲ್ ತಿರುಗಿಸಿದರು.

ನನಗೆ ಹೆದರಿಕೆ ಹತ್ತಿದ್ದು ಆವತ್ತು. ಟಾಂಕಿ ಮುಚ್ಚಿದರೆ ಮಾವ ಮತ್ತೆ ಮುಂದಿನ ಬಾಗಿಲಿನವರಾಗುತ್ತಾರೆ, ಅತ್ತೆ ಹಿಂದಿನ ಬಾಗಿಲಿನವರು, ನಾನು ಹೊಸ್ತಿಲಿನವನು. ನಾವು ಮೂವರೂ ಬೇರೆ ಬೇರೆ ಹೊತ್ತಿನಲ್ಲಾದರೂ ನಿಲ್ಲುವ ಒಂದೇ ಒಂದು ಜಾಗ ಹೋಗಿಬಿಡುತ್ತದೆ. ಶಾಲೆಗೆ ರಜೆ. ಇಡೀ ದಿನ ಟಾಂಕಿಯ ಹತ್ತಿರವೇ ಉಳಿದೆ. ನೀರಿಗೆ ವಾಸನೆ ಬಂದಿತ್ತು. ಭುಜದವರೆಗೆ ಕೈ ಇಳಿಸಿ ತಳ ತಡವಿದೆ. ಬೆರಳಿಗೆ ಲೋಳೆ ಸಿಕ್ಕಿತು. ಮುಷ್ಟಿ ತುಂಬ ಎತ್ತಿ ಕಟ್ಟೆಯ ಮೇಲೆ ಹರವಿದೆ. ಬಿಳಿ ಮುದ್ದೆ, ಅದು ಇಡ್ಲಿ. ಹಿಂದಿನ ದಿನ ಹೋಟೆಲಿನಲ್ಲಿ ಉಳಿದ ಇಡ್ಲಿ, ಮನೆಯಲ್ಲಿ ಯಾರೂ ಇಡ್ಲಿ ಮಾಡುತ್ತಿರಲಿಲ್ಲ. ಕೆಂಪು ಗೆರೆಯ ದಪ್ಪ ಅಗುಳು, ಅದು ಊರಿನಿಂದ ತರಿಸುತ್ತಿದ್ದ ಕುಚ್ಚಲಕ್ಕಿಯ ಅನ್ನ, ಅತ್ತೆಯ ಕೈಯದು. ಮತ್ತೆ ಉಬ್ಬಿ ಕೊಳೆತ ಚುರುಮುರಿ. ಅದು ನನ್ನದು, ದಿನಾ ಸಂಜೆ ಜೇಬಿನಲ್ಲಿ ತಂದು ಹಾಕುತ್ತಿದ್ದುದು. ಮೂವರೂ ಒಬ್ಬರಿಗೊಬ್ಬರು ತಿಳಿಯದಂತೆ ಹಾಕುತ್ತಿದ್ದೆವು. ಬೆಳಿಗ್ಗೆ ಬಾಯಿ ತೆರೆದದ್ದು ಕಂಡು ಇನ್ನಷ್ಟು ಹಾಕುತ್ತಿದ್ದೆವು. ಬಿಸಿಲಿನಲ್ಲಿ ಮೀನು ತಿನ್ನುವುದೇ ಕಡಿಮೆ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ನೀರಿನ ಉಸಿರನ್ನು ಕುಡಿದುಹಾಕುತ್ತಿತ್ತು. ಅವು ಹಸಿದು ಬಾಯಿ ಬಿಡುತ್ತಿರಲಿಲ್ಲ. ಗಾಳಿಗಾಗಿ ಬಿಡುತ್ತಿದ್ದವು.

ಗೊತ್ತಾಯಿತು, ಸರಿ. ಹೇಳುವುದು ಹೇಗೆ? ಯಾರ ಮಾತು ಎಂದು ಹೇಳುವುದು? ಇಂಥದ್ದನ್ನು ಹೇಳು ಎಂದು ನನಗೆ ಯಾರೂ ಹೇಳಿ ಕಳಿಸಿರಲಿಲ್ಲ. ಆ ಮನೆಯಲ್ಲಿ ಹಾಗೆ ಮಾತಾಡಿ ನನಗೆ ರೂಢಿಯೇ ಇಲ್ಲ. ಸೋಮವಾರ ಹೋಟೆಲಿಗೆ ರಜೆ, ಮಾವನಿಗೆ ಮಧ್ಯಾಹ್ನ ಮನೆಯಲ್ಲೇ ಊಟ. ಹಾಲಿನಲ್ಲಿ ಮಾವನ ಬಟ್ಟಲು, ಅಡಿಗೆಮನೆಯಲ್ಲಿ ಅತ್ತೆಯದು, ಹೊಸ್ತಿಲ ಮೇಲೆ ನನ್ನದು. ಬಂಗುಡೆ ಸಾರು. ನಾಲ್ಕು ತುತ್ತು ಉಂಡು ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

"ಮೂರೂ ಜನ ಹಾಕ್ತಾ ಇದ್ದೇವೆ," ಎಂದೆ.

"ಎಂತದು?" ಎಂದರು ಮಾವ.

"ಮೀನಿಗೆ. ಬೆಳಿಗ್ಗೆ ನೀವು ಇಡ್ಲಿ, ಮಧ್ಯಾಹ್ನ ಅತ್ತೆ ಅನ್ನ, ಸಂಜೆ ನಾನು ಚುರುಮುರಿ. ಅಡಿಯಲ್ಲಿ ಎಲ್ಲ ಕೊಳೀತಾ ಉಂಟು. ಅದರಿಂದಲೇ ಸಾಯುವುದು."

ಮಾವ ಎತ್ತಿದ ತುತ್ತನ್ನು ಬಟ್ಟಲಿಗೆ ಮರಳಿ ಇಟ್ಟರು.

"ಇದನ್ನು ಅತ್ತೆ ಹೇಳಿ ಕಳಿಸಿದ್ದಾ?"

"ಅಲ್ಲ."

ಒಳಗಿನಿಂದ ಅತ್ತೆಯ ಸ್ವರ ಬಂತು. "ಅವರೇ ಹೇಳಿಕೊಟ್ಟದ್ದಾಗಿರಬೇಕು. ನನ್ನ ತಪ್ಪು ಅಂತ ತೋರಿಸಲಿಕ್ಕೆ."

"ಅಲ್ಲ ಅತ್ತೆ. ಯಾರೂ ಹೇಳಿಕೊಟ್ಟದ್ದಲ್ಲ. ನಾನೇ ಹೇಳುವುದು."

ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ. ಮಾವ ನನ್ನನ್ನು ನೋಡಿದರು. ಆ ಮನೆಗೆ ಬಂದು ಅಷ್ಟು ಕಾಲವಾದ ಮೇಲೆ ಅವರು ನನ್ನನ್ನು ನೋಡಿದ್ದು ಅದೇ ಮೊದಲು ಎಂದು ನನಗನ್ನಿಸುತ್ತದೆ. ಅದಕ್ಕೆ ಮುಂಚೆ ಅವರು ನೋಡುತ್ತಿದ್ದುದು ನನ್ನ ಆಚೆಗೆ, ಅಡಿಗೆಮನೆಯ ಕಡೆಗೆ.

ಊಟ ಮುಗಿಸಿ ಮಾವ ಪಂಚೆ ಎತ್ತಿ ಕಟ್ಟಿದರು. ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಕಾದು ಇಬ್ಬರೂ ಟಾಂಕಿಗೆ ಹೋದೆವು. ಎಲ್ಲ ನೀರು ಬಿಡಲಿಲ್ಲ. ಮಂಜುಗಡ್ಡೆಯ ಪಾಠ ಕಲಿತಾಗಿತ್ತು, ಒಮ್ಮೆಲೇ ಏನೂ ಬದಲಾಯಿಸಬಾರದು. ಜಾಲರಿಯಿಂದ ಕೊಳೆ ಎತ್ತಿದೆವು, ಕಾಲುಭಾಗ ನೀರು ತೆಗೆದು ಅತ್ತೆಯ ಬಸಳೆಬುಡಕ್ಕೆ ಹೊಯ್ದೆವು. ಹೊಸ ನೀರನ್ನು ಡ್ರಮ್ಮಿನಲ್ಲಿ ತುಂಬಿ, ಘಾಟು ಹೋಗಲು ಬಾಯಿ ತೆರೆದು ಮರುದಿನಕ್ಕೆ ಬಿಟ್ಟೆವು. ಅದನ್ನು ಸುರಿಯುವಾಗ ಮಾವ ಬಕೆಟನ್ನು ತಲೆಯಷ್ಟು ಎತ್ತರಕ್ಕೆ ಹಿಡಿದು ಸಣ್ಣ ಧಾರೆಯಾಗಿ ಇಳಿಸಿದರು. ಚಹ ಆರಿಸುವವರ ಕೈ. ನೊರೆ ಎದ್ದಲ್ಲಿಗೆ ಮೀನುಗಳು ಬಂದು ಸೇರಿದವು. ಗಾಳಿ ಸಿಗುವುದು ಅಲ್ಲಿ ಎಂದು ನಾವು ಕಂಡುಕೊಂಡದ್ದು ಹಾಗೆ. ಅಷ್ಟರಲ್ಲಿ ಅತ್ತೆ ಒಂದು ಹಳೆಯ ಸೀರೆ ತಂದು ಟಾಂಕಿಯ ಅರ್ಧಕ್ಕೆ ನೆರಳಾಗುವ ಹಾಗೆ ಕಟ್ಟಿದರು. ಒಂದು ಕೊನೆ ಗಿಡ್ಡವಾಯಿತು. ಅವರು ಒಳಗೆ ಹೋಗಿ ಮಾವನ ಹರಿದ ಪಂಚೆಯೊಂದನ್ನು ತಂದು ಸೀರೆಯ ತುದಿಗೆ ಗಂಟು ಹಾಕಿದರು. ಮಾವ ನೋಡಿದರು. ನನ್ನ ಕೈಯಲ್ಲಿ ಏನೂ ಹೇಳಿ ಕಳಿಸಲಿಲ್ಲ.

ಕೆಲವು ದಿನ ಬಿಟ್ಟು ಟಾಂಕಿಯ ಕಟ್ಟೆಯ ಮೇಲೆ ಹಾಲಿನಪುಡಿಯ ಒಂದು ಹಳೆ ಡಬ್ಬಿ ಬಂತು. ಒಳಗೆ ಪೇಟೆಯಿಂದ ತಂದ ಮೀನಿನ ಕಾಳು. ಮರುದಿನ ಬೆಳಿಗ್ಗೆ ನೋಡಿದರೆ ಡಬ್ಬಿ ಮುಚ್ಚಳ ಕೆಳಗಾಗಿ ಕವುಚಿ ನಿಂತಿದೆ. ಬೆಕ್ಕು ಕೆಡವಿರಬೇಕೆಂದು ಎತ್ತಿ ನೆಟ್ಟಗೆ ಇಡಲು ಹೋದೆ.

"ಮುಟ್ಟಬೇಡ ಮಗಾ," ಎಂದರು ಅತ್ತೆ. "ಇವತ್ತಿನದು ಹಾಕಿ ಆಗಿದೆ."

"ನಿಮಗೆ ಹೇಗೆ ಗೊತ್ತು?"

"ಗೊತ್ತು."

ಕವುಚಿದ್ದರೆ ಆಯಿತು, ನೆಟ್ಟಗಿದ್ದರೆ ಇನ್ನೂ ಆಗಿಲ್ಲ. ದಿನಕ್ಕೆ ಒಂದೇ ಸಲ, ಬಿಸಿಲೇರುವ ಮುಂಚೆ, ಒಂದು ಚಿಟಿಕೆ. ಸಂಜೆ ಡಬ್ಬಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾರೂ ಹಂಚಿಕೊಟ್ಟದ್ದಲ್ಲ. ಕೆಲವು ದಿನ ಮಾವ ಬೀಡಿ ಸೇದಿ, ಡಬ್ಬಿ ಮುಟ್ಟದೆ, ಹಾಗೇ ಹೋಟೆಲಿಗೆ ಹೋಗಿರುತ್ತಿದ್ದರು. ಅತ್ತೆ ಹಿಂದಿನ ಬಾಗಿಲು ತೆರೆದು, ನೆಟ್ಟಗೆ ನಿಂತ ಡಬ್ಬಿಯನ್ನು ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಹೇಳುತ್ತಿದ್ದರು:

"ಇವತ್ತು ನನಗೆ ಬಿಟ್ಟಿದ್ದಾರೆ."

ಆ ಬೇಸಿಗೆ ಮತ್ತೆ ಮೀನು ಸಾಯಲಿಲ್ಲ. ಮಳೆ ಬಂತು, ಟಾಂಕಿ ಉಳಿಯಿತು. ಮಾತು ಮಾತ್ರ ಹಾಗೇ, ನನ್ನ ಮೂಲಕ. ಜನ ಇದನ್ನು ಕೇಳಿದಾಗ, ಆಮೇಲೆ ಅವರು ಮಾತಾಡಿದರಾ ಎಂದು ಕೇಳುತ್ತಾರೆ. ಇಲ್ಲ.

ಏಳನೆಯ ಇಯತ್ತೆ ಮುಗಿಸಿ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ, ಕೆಲಸದಲ್ಲಿ ನಾಚಿಕೆ ನನಗೆ ಅವತ್ತೂ ಇರಲಿಲ್ಲ. ಮಾವನ ಹೋಟೆಲಿಗೆ ಹೋದ ಮೊದಲ ದಿನ, ಬೆಳಗ್ಗಿನ ರಶ್ಶಿನಲ್ಲಿ, ಅಡಿಗೆಮನೆಯ ಕಿಟಕಿಯಲ್ಲಿ ಸಾಂಬಾರಿನ ಬಕೆಟ್ ಕವುಚಿಟ್ಟದ್ದು ಕಂಡೆ. ಸಪ್ಲೈಯರ್‌ಗಳು ಅದನ್ನು ನೋಡಿದ್ದೇ ಗಿರಾಕಿಗಳಿಗೆ ಚಟ್ನಿ ಮುಂದೆ ಮಾಡತೊಡಗಿದರು. ಭಟ್ಟರನ್ನು ಕೇಳಿದೆ.

"ಮುಗಿದದ್ದನ್ನು ಕವುಚಿಡುವುದು ಇಲ್ಲಿಯ ಕ್ರಮ ಮಾರಾಯ. ಸಾಂಬಾರು ಮುಗೀತು ಅಂತ ಗಿರಾಕಿ ಎದುರು ಬೊಬ್ಬೆ ಹೊಡೀಲಿಕ್ಕಿಲ್ಲ. ನಿನ್ನ ಅತ್ತೆ ಮಾಡಿದ ಕ್ರಮ ಅದು."

"ಅತ್ತೆ?"

"ಶುರುವಿಗೆ ಈ ಅಡಿಗೆಮನೆಯಲ್ಲಿ ನಿಂತವರು ಅವರಲ್ಲವಾ? ಒಳಗೆ ಅವರು, ಗಲ್ಲಾದಲ್ಲಿ ನಿನ್ನ ಮಾವ. ಇಬ್ಬರೇ. ಬಕೆಟ್ ನೋಡಿಯೇ ಮಾವನಿಗೆ ಎಲ್ಲ ತಿಳಿಯುತ್ತಿತ್ತು."

ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ, ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಟಾಂಕಿಯ ಕಟ್ಟೆಯ ಮೇಲೆ ಮಾವ ಇಟ್ಟದ್ದು ಅತ್ತೆಯ ಮಾತನ್ನು. ಅದಕ್ಕೆ ನಾನು ಬೇಕಾಗಿರಲಿಲ್ಲ. ಅಷ್ಟು ವರ್ಷ ಎರಡು ಕಡೆಯ ಮಾತು ಹೊತ್ತ ಹುಡುಗನಿಗೆ ಅದರಿಂದ ಸಂತೋಷವೂ ಆಯಿತು, ಕೆಲಸ ಕಳೆದುಕೊಂಡವನ ಹಾಗೂ ಆಯಿತು.

ಮಾವ ಹೋದದ್ದು ಒಂದು ಚೈತ್ರದಲ್ಲಿ, ಗಲ್ಲಾದ ಕುರ್ಚಿಯಲ್ಲಿ ಕೂತಲ್ಲೇ. ಉತ್ತರಕ್ರಿಯೆಯ ಬೊಜ್ಜ ಮುಗಿದು, ನೆಂಟರೆಲ್ಲ ಕಲ್ಯಾಣಕ್ಕೆ, ಠಾಣೆಗೆ, ದಿವಾಕ್ಕೆ ಲೋಕಲ್ ಹತ್ತಿ ಹೋದ ಮರುದಿನ ಬೆಳಿಗ್ಗೆ ಎದ್ದು ನೋಡಿದೆ. ಡಬ್ಬಿ ನೆಟ್ಟಗೆ ನಿಂತಿತ್ತು. ಬಿಸಿಲೇರುತ್ತಾ ಬಂತು. ಅತ್ತೆ ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದರು.

"ಅತ್ತೆ, ಮೀನಿಗೆ ಹಾಕಲಿಲ್ವಾ?"

ಅವರು ಸೆರಗಿಗೆ ಕೈ ಒರೆಸಿಕೊಂಡರು. ಏಳಲು ನನ್ನ ಭುಜ ಹಿಡಿದರು.

"ಇವತ್ತು ನನಗೆ ಬಿಟ್ಟಿದ್ದಾರೆ."

ಈಗ ಆ ಕಟ್ಟಡವಿಲ್ಲ, ಅಲ್ಲಿ ಟವರ್ ಎದ್ದಿದೆ. ಅತ್ತೆ ಹೋಗಿಯೂ ಬಹಳ ಕಾಲವಾಯಿತು. ನಾನು ಬದಲಾಪುರದಲ್ಲಿ ಕೆಳ ಅಂತಸ್ತಿನ ಮನೆ ಮಾಡಿದೆ, ಹಿಂದೆ ಸಣ್ಣ ಅಂಗಳವಿರುವುದನ್ನು ಹುಡುಕಿ ಮಾಡಿದೆ. ಇಲ್ಲಿಯ ಬೇಸಿಗೆ ಡೊಂಬಿವಲಿಯನ್ನು ಮೀರಿಸುತ್ತದೆ. ಇಲ್ಲೂ ಒಂದು ಟಾಂಕಿ ಕಟ್ಟಿಸಿ ಆಳ ಮಾಡಿಸಿದ್ದೇನೆ, ತಳದಲ್ಲಿ ಮೀನಿಗೆ ತಂಪು ಇರಬೇಕೆಂದು. ಅರ್ಧಕ್ಕೆ ಹಸಿರು ಬಲೆ, ಒಂದು ಮೂಲೆಗೆ ತಾವರೆ ಎಲೆ. ಡ್ರಮ್ಮಿನಲ್ಲಿ ನೀರು ತಂಗಿರುತ್ತದೆ. ಬೆಳಕು ಹರಿಯುವಾಗ ಎದ್ದು ಬಕೆಟ್ ಎತ್ತಿ ಧಾರೆ ಇಳಿಸುತ್ತೇನೆ. ಪಂಪು ಹಾಕಿಸಬಹುದು, ಕೈ ಇನ್ನೂ ಗಟ್ಟಿ ಉಂಟು. ಹೆಂಡತಿ ತೀರಿಕೊಂಡ ಮೇಲೆ ನವಿ ಮುಂಬೈಯಿಂದ ಮಗ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ, ಮೀನು ಯಾರಿಗಾದರೂ ಕೊಟ್ಟು ಏಸಿ ಇರುವ ತನ್ನ ಮನೆಗೆ ಬಾ ಎಂದು.

"ಪಪ್ಪಾ, ಮಛಲೀ ಕಿಸೀ ಕೋ ದೇ ದೋ. ಇಧರ್ ಆ ಜಾವೋ, ಏಸೀ ಹೈ."

"ನೀನು ಬಾ. ಮೀನು ನೋಡಿಕೊಂಡು ಹೋಗು," ಎನ್ನುತ್ತೇನೆ. ಅವನಿಗೆ ಕನ್ನಡ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಅವನ ಮನೆ ದೊಡ್ಡದು, ಸೊಸೆ ಒಳ್ಳೆಯವಳು. ಆದರೆ ದುಡಿದು ಮನೆ ಮಾಡಿದವನು ನಾನು, ಮತ್ತೊಂದು ಹೊಸ್ತಿಲ ಮೇಲೆ ಕೂರಲು ನನ್ನಿಂದಾಗದು.

ಕಾಳಿನ ಡಬ್ಬಿ ಅದೇ ಹಳೆಯದು, ಅಂಚಿಗೆ ತುಕ್ಕು ಹಿಡಿದಿದೆ. ಬೆಳಿಗ್ಗೆ ಒಂದು ಚಿಟಿಕೆ ಹಾಕಿ ಕವುಚಿಡುತ್ತೇನೆ. ಸಂಜೆ ಎತ್ತಿ ನೆಟ್ಟಗೆ ನಿಲ್ಲಿಸುವವನೂ ನಾನೇ. ಕೆಲವು ದಿನ ಡಬ್ಬಿ ಮುಟ್ಟದೆ ಹಾಗೇ ಬಿಟ್ಟು ಹಾಲು ತರಲು ಹೋಗುತ್ತೇನೆ. ದಾರಿಯಲ್ಲಿ ಸ್ಟೇಷನ್ ತನಕ ನಡೆದು, ಒಂದು ಚಹ ಕುಡಿದು, ನಿಧಾನವಾಗಿ ತಿರುಗಿ ಬರುತ್ತೇನೆ. ಹಿಂದಿನ ಬಾಗಿಲು ತೆರೆದು ನೋಡುತ್ತೇನೆ. ಡಬ್ಬಿ ಬಿಟ್ಟಲ್ಲೇ ನೆಟ್ಟಗೆ ನಿಂತಿರುತ್ತದೆ. ನನ್ನ ನೆರಳಿಗೆ ಮೀನುಗಳು ಮೇಲೆ ಬರುತ್ತವೆ. ಆಗ ಹಾಲಿನ ಚೀಲ ಕೆಳಗಿಟ್ಟು, ನಾನೇ ಹಾಕುತ್ತೇನೆ.